ಕಾರ್ಬ್ಯುರೇಟರ್ ಕಾರು ಎಳೆಯದಿದ್ದರೆ: ಕಾರವಾರ–ಅಂಕೋಲಾ ರಸ್ತೆಯ ಮುಖ್ಯಾಂಶಗಳು

ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗ ಓದುವವರಿಗೆ, ಆಟೊಮೊಬೈಲ್ ಡಿಪ್ಲೊಮಾದವರಿಗೆ, ಮೋಟಾರು ವಾಹನ ನಿರೀಕ್ಷಕ ಹುದ್ದೆಗೆ ತಯಾರಿ ನಡೆಸುವವರಿಗೆ ಈ ಟಿಪ್ಪಣಿ. ಪುಸ್ತಕದಲ್ಲಿ ಕಾರ್ಬ್ಯುರೇಟರ್ ಎಂದರೆ ಚಿತ್ರ ಬರೆದು ಭಾಗ ಗುರುತಿಸುವ ಪ್ರಶ್ನೆ. ಕೆಎ–30 ನಂಬರಿನ ಹಳೆಯ ಮಾರುತಿ 800, ಓಮ್ನಿ, ಪದ್ಮಿನಿ ಅಥವಾ ಅಂಬಾಸಿಡರ್ ಇಟ್ಟುಕೊಂಡವರಿಗೆ ಅದು ‘ಗಾಡಿ ಎಳೀತಿಲ್ಲ’ ಎಂಬ ಒಂದೇ ಮಾತಿನ ದೂರು. ಆ ದೂರಿನಿಂದ ಕಾರಣದವರೆಗೆ ಹೋಗುವ ದಾರಿಯನ್ನು ಪರೀಕ್ಷಕರು ಕೇಳುತ್ತಾರೆ. ಉದಾಹರಣೆಗೆ ನಮ್ಮದೇ ರಸ್ತೆ ಸಾಕು.

ಮೂಲ ಸಂಗತಿಗಳು

• ಪೆಟ್ರೋಲ್ ಎಂಜಿನ್ನಿಗೆ ಬೇಕಾದವು ನಾಲ್ಕು: ಸಾಕಷ್ಟು ಕಂಪ್ರೆಷನ್, ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಮಿಶ್ರಣ, ಅಡೆತಡೆಯಿಲ್ಲದ ಉಸಿರಾಟ. ಏರ್ ಕ್ಲೀನರ್‌ನಿಂದ ಸೈಲೆನ್ಸರ್ ಕೊನೆಯವರೆಗಿನದೆಲ್ಲ ಉಸಿರಾಟದ ಲೆಕ್ಕಕ್ಕೆ.

• ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಗಾಳಿ–ಇಂಧನ ಅನುಪಾತ ತೂಕದಲ್ಲಿ 14.7:1. ಗರಿಷ್ಠ ಶಕ್ತಿಗೆ ಸುಮಾರು 12.5:1, ಮಿತವ್ಯಯಕ್ಕೆ 15–16:1. ತಣ್ಣಗಿನ ಎಂಜಿನ್ ಚಾಲೂ ಮಾಡಲು ಇನ್ನೂ ಗಾಢ ಮಿಶ್ರಣ ಬೇಕು. ಚೋಕ್ ಇರುವುದು ಅದಕ್ಕೇ.

• ಕಾರ್ಬ್ಯುರೇಟರ್‌ನ ಕೆಲಸ ವೆಂಚುರಿಯ ತತ್ವದ ಮೇಲೆ. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಆ ಇಳಿತ ಜೆಟ್‌ನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ.

• ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರ್ 14ರಂದು. 796 ಸಿಸಿ, 3 ಸಿಲಿಂಡರ್, ಫೈರಿಂಗ್ ಆರ್ಡರ್ 1–3–2. ಪದ್ಮಿನಿ (1089 ಸಿಸಿ) ಮತ್ತು ಹಳೆಯ ಅಂಬಾಸಿಡರ್ (1489 ಸಿಸಿ) ನಾಲ್ಕು ಸಿಲಿಂಡರಿನವು, ಆರ್ಡರ್ 1–3–4–2.

• ಡಿಸ್ಟ್ರಿಬ್ಯೂಟರ್ ಶಾಫ್ಟ್ ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಡಿಸ್ಟ್ರಿಬ್ಯೂಟರೇ ‘ಡೆಲ್ಕೊ’.

ಎಲ್ಲಿ ಎಳೆಯಲಿಲ್ಲ?

ಗ್ಯಾರೇಜಿನವರು ಮೊದಲು ಕೇಳಬೇಕಾದ ಪ್ರಶ್ನೆ ಇದು, ಕೇಳುವವರು ಕಡಿಮೆ. ಕಾರವಾರದಿಂದ ಅಂಕೋಲೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 35 ಕಿ.ಮೀ. ಬಿಣಗಾ, ಅರಗಾಗಳ ಏರು, ಆಮೇಲೆ ಬಹುಪಾಲು ಸಪಾಟು. ಅಂಕೋಲೆಯಿಂದ ಹೆದ್ದಾರಿ 52 ಹಿಡಿದು ಯಲ್ಲಾಪುರಕ್ಕೆ ಹೊರಟರೆ ಅರಬೈಲ್ ಘಟ್ಟ. ಕಾರು ಈ ದಾರಿಯಲ್ಲಿ ಯಾವ ಜಾಗದಲ್ಲಿ ಸೋತಿತು ಎಂದು ತಿಳಿದರೆ ಕಾರ್ಬ್ಯುರೇಟರ್‌ನ ಯಾವ ಸರ್ಕ್ಯೂಟನ್ನು ನೋಡಬೇಕು ಎಂಬುದು ಅರ್ಧ ತೀರ್ಮಾನವಾದಂತೆ.

• ಪೇಟೆಯಲ್ಲಿ ನಿಂತಾಗ ಐಡ್ಲಿಂಗ್ ನಿಲ್ಲದೆ ಎಂಜಿನ್ ಆಫ್ ಆಗುತ್ತದೆ, ಓಡುವಾಗ ಸರಿ: ಐಡಲ್ ಜೆಟ್ ಕಟ್ಟಿದೆ, ಅಥವಾ ಕಾರ್ಬ್ಯುರೇಟರ್ ತಳದ ಗ್ಯಾಸ್ಕೆಟ್, ವ್ಯಾಕ್ಯೂಮ್ ಪೈಪುಗಳಲ್ಲಿ ಗಾಳಿ ಸೋರಿಕೆ ಇದೆ.

• ಲಾರಿ ಹಿಂದಿಕ್ಕಲು ಪೆಡಲ್ ಒತ್ತಿದ ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ: ಆಕ್ಸಲರೇಟರ್ ಪಂಪಿನ ಡಯಾಫ್ರಾಮ್ ಹರಿದಿದೆ. ಎಂಜಿನ್ ನಿಲ್ಲಿಸಿ, ಏರ್ ಕ್ಲೀನರ್ ತೆಗೆದು, ಥ್ರಾಟಲ್ ಎಳೆದರೆ ಪೆಟ್ರೋಲಿನ ಚಿಲುಮೆ ಕಾಣಬೇಕು.

• ಸಪಾಟಿನಲ್ಲಿ 50ರವರೆಗೆ ಚೆನ್ನ, ಅದಕ್ಕೆ ಮೇಲೆ ಅಥವಾ ಅರಬೈಲ್ ಏರಿನಲ್ಲಿ ಉಸಿರು ಕಟ್ಟುತ್ತದೆ: ಮೇನ್ ಜೆಟ್, ಪೆಟ್ರೋಲ್ ಫಿಲ್ಟರ್, ಫ್ಯೂಯೆಲ್ ಪಂಪ್. ಮೆಕ್ಯಾನಿಕಲ್ ಪಂಪಿನ ಒತ್ತಡ ಸಾಮಾನ್ಯವಾಗಿ 2–4 ಪಿಎಸ್ಐ ಮಾತ್ರ.

• ಏಪ್ರಿಲ್–ಮೇ ಮಧ್ಯಾಹ್ನ ಘಟ್ಟದಲ್ಲಿ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನೇ ಚಾಲೂ ಆಗುತ್ತದೆ: ವೇಪರ್ ಲಾಕ್. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದೊಡನೆ ಚಾಲೂ ಆದರೆ ಅನುಮಾನ ಖಚಿತ. ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ನಿಂತ ಕೂಡಲೇ ಕಿಡಿ ಇದೆಯೇ ನೋಡಿದರೆ ಎರಡೂ ಬೇರೆಯಾಗುತ್ತವೆ.

• ಎಂಜಿನ್ ದೋಷವೇ ಅಲ್ಲದವು: ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಡದ ಬ್ರೇಕ್, ಜಾರುವ ಕ್ಲಚ್, ಗಾಳಿ ಕಡಿಮೆಯಾದ ಟೈರು. ಸಪಾಟಿನಲ್ಲಿ ನ್ಯೂಟ್ರಲ್ ಮಾಡಿ ಕಾರು ಸಲೀಸಾಗಿ ಉರುಳುತ್ತದೆಯೇ ನೋಡಿ.

ಒಂದು ಸಂಗತಿ ದೋಷದ ಪಟ್ಟಿಗೆ ಸೇರದು. ಮಳೆಗಾಲದ ತೇವದ ಗಾಳಿಯಲ್ಲಿ ನೀರಾವಿಯೇ ಸುಮಾರು ಶೇ 3–4ರಷ್ಟು ಜಾಗ ಹಿಡಿಯುವುದರಿಂದ ಆಮ್ಲಜನಕ ಅಷ್ಟು ಕಡಿಮೆ. ಐನೂರು ಮೀಟರ್ ಎತ್ತರದ ಯಲ್ಲಾಪುರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 5 ಇಳಿದಿರುತ್ತದೆ. ಅಷ್ಟರ ಮಟ್ಟಿಗಿನ ಮಂಕುತನ ಸಹಜ, ಅದಕ್ಕೆ ಸ್ಕ್ರೂ ತಿರುಗಿಸಲು ಹೋಗಬಾರದು.

ಮೊದಲು ಕಿಡಿ

ಕಾರ್ಬ್ಯುರೇಟರ್ ಮೇಲೆ ಬೀಳುವ ದೂರುಗಳಲ್ಲಿ ಬಹಳಷ್ಟು ಇಗ್ನಿಷನ್ನಿಗೆ ಸೇರಿದವು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಉಳಿದ ತಿಂಗಳು ಸಮುದ್ರದ ಉಪ್ಪುಗಾಳಿ ಇರುವ ಈ ಕರಾವಳಿಯಲ್ಲಂತೂ ಮೊದಲ ಅನುಮಾನ ವಿದ್ಯುತ್ತಿನ ಮೇಲೇ ಇರಲಿ.

• ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಉಪ್ಪು, ತೇವ ಕೂತರೆ ಹೈ ಟೆನ್ಷನ್ ವಿದ್ಯುತ್ ಪ್ಲಗ್‌ಗೆ ಹೋಗುವ ಬದಲು ಕ್ಯಾಪಿನ ಮೇಲೆಯೇ ಹರಿದು ಕಪ್ಪು ಗೆರೆ ಕೊರೆಯುತ್ತದೆ. ಇದು ಕಾರ್ಬನ್ ಟ್ರ್ಯಾಕ್. ಒರೆಸಿದರೆ ಹೋಗದು, ಕ್ಯಾಪ್ ಬದಲಿಸಬೇಕು.

• ರಾತ್ರಿ ದೀಪ ಆರಿಸಿ, ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿದರೆ ಬಿರುಕು ಬಿಟ್ಟ ವೈರುಗಳ ಮೇಲೆ ನೀಲಿ ಕಿಡಿ ಓಡಾಡುವುದು ಕಾಣುತ್ತದೆ. ಖರ್ಚಿಲ್ಲದ, ನಂಬಬಹುದಾದ ಪರೀಕ್ಷೆ.

• ಕಾಂಟ್ಯಾಕ್ಟ್ ಪಾಯಿಂಟ್ ಗ್ಯಾಪ್ ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು. ಗ್ಯಾಪ್ ಹೆಚ್ಚಾದರೆ ಡ್ವೆಲ್ ಕೋನ ಕಡಿಮೆ, ಟೈಮಿಂಗ್ ಮುಂದಕ್ಕೆ. ಗ್ಯಾಪ್ ಕಡಿಮೆಯಾದರೆ ಇದರ ತಿರುಗುಮುರುಗು. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ಪರೀಕ್ಷೆಗೆ ಮುಖ್ಯ.

• ಪಾಯಿಂಟ್‌ಗಳು ಬೇಗ ಸುಟ್ಟು ಹಳ್ಳ ಬೀಳುತ್ತಿದ್ದರೆ, ಕಿಡಿ ಹಳದಿಯಾಗಿ ಬಡವಾಗಿದ್ದರೆ ಕಂಡೆನ್ಸರ್ ನೋಡಿ. ಒಳ್ಳೆಯ ಕಿಡಿ ನೀಲಿಯಾಗಿರುತ್ತದೆ, ಚಟ್ ಎಂದು ಸದ್ದು ಮಾಡುತ್ತದೆ.

• ಪ್ಲಗ್ ತುದಿ: ತಿಳಿ ಕಂದು ಸರಿ, ಒಣ ಕಪ್ಪು ಮಸಿ ಗಾಢ ಮಿಶ್ರಣ ಅಥವಾ ಬಡ ಕಿಡಿ, ಎಣ್ಣೆಯ ಜಿಡ್ಡು ಸವೆದ ರಿಂಗ್ ಅಥವಾ ವಾಲ್ವ್ ಗೈಡ್, ಸುಣ್ಣದಂತೆ ಬಿಳಿ ಎಂದರೆ ತೆಳು ಮಿಶ್ರಣ ಅಥವಾ ಅತಿಯಾದ ಬಿಸಿ.

• ಟೈಮಿಂಗ್ ಹಿಂದಾದರೆ ಎಳೆತ ಕಡಿಮೆ, ಎಂಜಿನ್ ಬಿಸಿ. ಮುಂದಾದರೆ ಏರಿನಲ್ಲಿ ನಾಕಿಂಗ್.

• ಮಿಸ್ಸಿಂಗ್ ಇದ್ದರೆ ಎಂಜಿನ್ ಓಡುವಾಗ ಒಂದೊಂದೇ ಪ್ಲಗ್ ವೈರನ್ನು ನಿರೋಧಕ ಹಿಡಿಯ ಇಕ್ಕಳದಿಂದ ತೆಗೆದು ನೋಡುವುದು. ಯಾವುದನ್ನು ತೆಗೆದಾಗ ವೇಗ ಇಳಿಯುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ.

ಕಂಪ್ರೆಷನ್, ವ್ಯಾಕ್ಯೂಮ್

ಕಂಪ್ರೆಷನ್ ಪರೀಕ್ಷೆಗೆ ಎಂಜಿನ್ ಬಿಸಿಯಾಗಿರಬೇಕು, ಎಲ್ಲ ಪ್ಲಗ್‌ಗಳನ್ನೂ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಅತಿ ಕಡಿಮೆ ಓದಿಕೆ ಅತಿ ಹೆಚ್ಚಿನದರ ಮುಕ್ಕಾಲಿಗಿಂತ ಇಳಿಯಬಾರದು. ಇಳಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದಾಗ ಓದಿಕೆ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್.

ಸೀಸರಹಿತ ಪೆಟ್ರೋಲ್ 2000ದ ಫೆಬ್ರವರಿಯಿಂದ ದೇಶದಾದ್ಯಂತ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕೆಲವು ಎಂಜಿನ್‌ಗಳಲ್ಲಿ ಮೆದು ಎರಕದ ವಾಲ್ವ್ ಸೀಟುಗಳಿಗೆ ಸೀಸವೇ ರಕ್ಷಣೆಯಾಗಿತ್ತು. ಸೀಟು ಸವೆದು ವಾಲ್ವ್ ಒಳಗಿಳಿದರೆ ಟ್ಯಾಪೆಟ್ ಅಂತರ ಕಿರಿದಾಗುತ್ತ ಹೋಗುತ್ತದೆ, ಸದ್ದಿಲ್ಲದೆ ಕಂಪ್ರೆಷನ್ ಇಳಿಯುತ್ತದೆ. ಟ್ಯಾಪೆಟ್ ಸದ್ದೇ ಇಲ್ಲದ ಹಳೆಯ ಅಂಬಾಸಿಡರ್ ಕಂಡರೆ ಸಂತೋಷಪಡುವ ಮೊದಲು ಫೀಲರ್ ಗೇಜ್ ಹಾಕಿ.

ವ್ಯಾಕ್ಯೂಮ್ ಗೇಜ್: ಸಮುದ್ರ ಮಟ್ಟದಲ್ಲಿ ಐಡ್ಲಿಂಗ್‌ನಲ್ಲಿ ಮುಳ್ಳು 17–21 ಇಂಚು ಪಾದರಸದಲ್ಲಿ ಅಲುಗಾಡದೆ ನಿಲ್ಲಬೇಕು. ಪ್ರತಿ 1,000 ಅಡಿಗೆ ಸುಮಾರು 1 ಇಂಚು ಇಳಿಯುವುದರಿಂದ ಕಾರವಾರದಲ್ಲಿ 19 ತೋರಿಸಿದ ಎಂಜಿನ್ ಯಲ್ಲಾಪುರದಲ್ಲಿ 17.5 ತೋರಿಸಿದರೆ ಗಾಬರಿ ಬೇಡ. ಸ್ಥಿರವಾಗಿ ಕಡಿಮೆ ಇದ್ದರೆ ತಡವಾದ ಟೈಮಿಂಗ್ ಅಥವಾ ಗಾಳಿ ಸೋರಿಕೆ. ಒಂದೇ ಲಯದಲ್ಲಿ ಮತ್ತೆ ಮತ್ತೆ ಕುಸಿದರೆ ಒಂದು ವಾಲ್ವ್ ಕೆಟ್ಟಿದೆ. 2,500 ಆರ್‌ಪಿಎಂನಲ್ಲಿ ಹಿಡಿದಾಗ ನಿಧಾನವಾಗಿ ಇಳಿಯುತ್ತ ಹೋದರೆ ಸೈಲೆನ್ಸರ್ ಕಟ್ಟಿದೆ. ತಿಂಗಳುಗಟ್ಟಲೆ ನಿಂತ ಕಾರಿನ ಹೊಗೆ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು, ಪಠ್ಯಪುಸ್ತಕ ಇದನ್ನು ಹೇಳುವುದಿಲ್ಲ.

ಪೆಟ್ರೋಲೇ ಬದಲಾದಾಗ

ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ. ಮಾಜಾಳಿ ದಾಟಿ ಗೋವಾದ ಪೋಳೆಂನಲ್ಲಿ ತುಂಬಿಸಿಕೊಂಡು ಬಂದರೂ ಎಥನಾಲ್ ತಪ್ಪದು. ಹಳೆಯ ಕಾರುಗಳಿಗೆ ಇದರಿಂದ ಮೂರು ತೊಂದರೆ.

ಮೊದಲನೆಯದು ತೆಳು ಮಿಶ್ರಣ. ಎಥನಾಲ್‌ಗೆ ಬೇಕಾದ ಅನುಪಾತ 9:1 ಮಾತ್ರ; ಇ20ಕ್ಕೆ ಸುಮಾರು 13.5:1. ಇಂಜೆಕ್ಷನ್ ಕಾರಿನ ಆಕ್ಸಿಜನ್ ಸೆನ್ಸರ್ ಇದನ್ನು ಗುರುತಿಸಿ ತಿದ್ದಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಜೆಟ್‌ನ ರಂಧ್ರ ಬದಲಾಗದು, ಹಾಗಾಗಿ ಮಿಶ್ರಣ ಶೇ 8ರಷ್ಟು ತೆಳುವಾಗುತ್ತದೆ. ಹಿಂಜರಿಕೆ, ಏರಿನಲ್ಲಿ ಬಿಸಿ, ಬೆಳಗಿನ ಹೊತ್ತು ಚೋಕ್ ಬಿಡಲು ಒಪ್ಪದ ಎಂಜಿನ್ ಇದರ ಗುರುತು. ಸೋಲೆಕ್ಸ್ ಮಾದರಿಯ ಜೆಟ್‌ಗಳ ಸಂಖ್ಯೆ ಮಿಲಿಮೀಟರಿನ ನೂರನೇ ಭಾಗದಲ್ಲಿರುತ್ತದೆ: 120 ಎಂದರೆ 1.20 ಮಿ.ಮೀ. ಅದರ ಬದಲು 125 ಹಾಕಿದರೆ ರಂಧ್ರದ ಕ್ಷೇತ್ರಫಲ ಶೇ 8.5 ಹೆಚ್ಚುತ್ತದೆ. ತಂತಿ ತುರುಕಿ ಜೆಟ್ ಕ್ಲೀನ್ ಮಾಡಬಾರದು ಎನ್ನುವುದೂ ಇದೇ ಲೆಕ್ಕದಿಂದ. ಐದು ನೂರಂಶ ಕೆರೆದುಹೋದರೂ ಮೈಲೇಜ್ ಹಾಳಾಗುತ್ತದೆ. ಜೆಟ್ ತೆರೆಸಲು ಗಾಳಿಯ ಒತ್ತಡ ಮಾತ್ರ ಬಳಸಬೇಕು.

ಎರಡನೆಯದು ನೀರು. ಎಥನಾಲ್ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕಿನೊಂದಿಗೆ ನಿಂತ ಕಾರಿನಲ್ಲಿ ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಕೊಳವೆ ಇರುವುದೂ ತಳದಲ್ಲೇ. ಫ್ಲೋಟ್ ಚೇಂಬರಿನಲ್ಲಿ ನಿಂತ ನೀರು ಸತು ಮಿಶ್ರಲೋಹದ ಮೈಯನ್ನು ಕೊರೆದು ಬಿಳಿ ಪುಡಿ ಮಾಡುತ್ತದೆ, ಆ ಪುಡಿ ಐಡಲ್ ಜೆಟ್ ಕಟ್ಟುತ್ತದೆ.

ಮೂರನೆಯದು ಹಳೆಯ ರಬ್ಬರ್: ಪಂಪಿನ ಡಯಾಫ್ರಾಮ್, ಹೋಸ್, ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ.

• ಎಥನಾಲ್ ಪರೀಕ್ಷೆ: ಅಳತೆ ಜಾಡಿಯಲ್ಲಿ 80 ಮಿ.ಲೀ. ಪೆಟ್ರೋಲ್, 20 ಮಿ.ಲೀ. ನೀರು ಹಾಕಿ ಕುಲುಕಿ ಬಿಡಿ. ಎಥನಾಲ್ ಇಲ್ಲದಿದ್ದರೆ ಕೆಳಪದರ 20ರಲ್ಲೇ ನಿಲ್ಲುತ್ತದೆ. ಇ20 ಆದರೆ 35ರ ಆಸುಪಾಸಿಗೆ ಏರುತ್ತದೆ.

ಹೊಗೆ ತಪಾಸಣೆಯ ಚೀಟಿ

ದಂಡ ತಪ್ಪಿಸಲೆಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವ ಈ ಚೀಟಿಯಲ್ಲಿ ರೋಗದ ಸುಳಿವೂ ಇರುತ್ತದೆ. ಭಾರತ್ ಸ್ಟೇಜ್ 2ಕ್ಕೂ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ವಾಹನಕ್ಕೆ ಐಡ್ಲಿಂಗ್‌ನಲ್ಲಿ ಮಿತಿ: ಕಾರ್ಬನ್ ಮಾನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1,500 ಪಿಪಿಎಂ. ಚೀಟಿಯ ಅವಧಿ 6 ತಿಂಗಳು.

• ಮಾನಾಕ್ಸೈಡ್ ಹೆಚ್ಚು: ಗಾಢ ಮಿಶ್ರಣ. ಫ್ಲೋಟ್ ಮಟ್ಟ, ಸೋರುವ ನೀಡಲ್ ವಾಲ್ವ್, ಸಿಕ್ಕಿಕೊಂಡ ಚೋಕ್, ಕೊಳೆಯಾದ ಏರ್ ಕ್ಲೀನರ್ ನೋಡಿ.

• ಮಾನಾಕ್ಸೈಡ್ ಸಾಧಾರಣ, ಹೈಡ್ರೋಕಾರ್ಬನ್ ಮಾತ್ರ ವಿಪರೀತ: ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ. ಕಿಡಿ ತಪ್ಪುತ್ತಿದೆ, ಇಲ್ಲವೇ ಮಿಶ್ರಣ ಅತಿ ತೆಳುವಾಗಿದೆ.

ಐದು ಅಂಕದ ಉತ್ತರದಲ್ಲಿ ಕ್ರಮಕ್ಕೂ ಅಂಕ ಉಂಟು. ದೂರು ಕೇಳುವುದು, ರಸ್ತೆ ಪರೀಕ್ಷೆ, ಕಣ್ಣೋಟ, ಕಿಡಿ, ಕಂಪ್ರೆಷನ್, ವ್ಯಾಕ್ಯೂಮ್, ಪೆಟ್ರೋಲ್ ಬರುವಿಕೆ, ಆಮೇಲೆ ಕಾರ್ಬ್ಯುರೇಟರ್ ಎಂದು ಬರೆಯಿರಿ. ‘ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಬೇಕು’ ಎಂಬ ವಾಕ್ಯವನ್ನು ಮೊದಲ ಸಾಲಿಗೆ ತರಬೇಡಿ.