ವಿಸಿಟ್ ವೀಸಾ ಎಂಬ ಬಲೆ: ಗಲ್ಫ್‌ಗೆ ಹೊರಟವರಿಗೆ ಇರುವ ಕಾನೂನು ರಕ್ಷಣೆ

ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ಕಾರ್ಮಿಕನಿಗೆ ಭಾರತದ ಕಾನೂನೂ ಆಯಾ ದೇಶದ ಕಾನೂನೂ ಹಲವು ರಕ್ಷಣೆಗಳನ್ನು ಒದಗಿಸಿವೆಯಾದರೂ, ಅವುಗಳಲ್ಲಿ ಹೆಚ್ಚಿನವು ಆತ ಉದ್ಯೋಗ ವೀಸಾದ ಮೇಲೆ ಹೋಗಿದ್ದಾನೆ ಎಂಬ ಒಂದೇ ಆಧಾರದ ಮೇಲೆ ನಿಂತಿವೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯಿಂದ ಹೊರಡುವ ಅನೇಕರು ಈ ಆಧಾರವನ್ನು ವಿಮಾನ ಹತ್ತುವ ಮೊದಲೇ, ಏಜೆಂಟನ ಮಾತು ನಂಬಿ, ಕಳೆದುಕೊಂಡಿರುತ್ತಾರೆ. “ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿಗೆ ಮುಟ್ಟಿದ ಮೇಲೆ ಚೇಂಜ್ ಮಾಡಿಸಿಕೊಡ್ತೇವೆ” ಎಂಬುದೇ ಆ ಮಾತು.

ಈ ಮಾತು ಪೂರ್ತಿ ಸುಳ್ಳಲ್ಲ, ಅಪಾಯವಿರುವುದೂ ಅಲ್ಲಿಯೇ. ಯುಎಇಯಲ್ಲಿ ಕಂಪನಿಯೊಂದು ಮನಸ್ಸು ಮಾಡಿದರೆ ಸಂದರ್ಶಕನಾಗಿ ಬಂದವನನ್ನು ಉದ್ಯೋಗಿಯಾಗಿ ನೋಂದಾಯಿಸಿಕೊಳ್ಳಬಹುದು. ಆದರೆ ಅದು ಕಂಪನಿಯ ಇಚ್ಛೆಗೆ ಬಿಟ್ಟದ್ದೇ ಹೊರತು ಕಾರ್ಮಿಕನ ಹಕ್ಕಲ್ಲ. ಹಾಗೆ ನೋಂದಣಿಯಾಗುವವರೆಗೆ ಆತ ಮಾಡುವ ಕೆಲಸ ಅಲ್ಲಿನ ಕಾನೂನಿನ ಪ್ರಕಾರ ಅಪರಾಧ. ಆತನ ಹೆಸರಿನಲ್ಲಿ ನೋಂದಾಯಿತ ಒಪ್ಪಂದವಿರುವುದಿಲ್ಲ, ಸಂಬಳ ಬ್ಯಾಂಕಿನ ಮೂಲಕ ಬಂದ ದಾಖಲೆಯೂ ಇರುವುದಿಲ್ಲ. ವೀಸಾದ ಅವಧಿ ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ ಬೀಳುವುದರಿಂದ, 180 ದಿನ ಹೆಚ್ಚುವರಿಯಾಗಿ ನಿಂತವನ ತಲೆಯ ಮೇಲೆ 9,000 ದಿರ್ಹಮ್ ಸಾಲ ಬೆಳೆದಿರುತ್ತದೆ. ಸಂಬಳ ಕೊಡದ ಮಾಲೀಕನ ವಿರುದ್ಧ ದೂರು ಕೊಡಲು ಹೋದರೆ ಮೊದಲು ತಪ್ಪಿತಸ್ಥನಾಗುವವನು ದೂರುದಾರನೇ. ಇದೆಲ್ಲವನ್ನೂ ಬಲ್ಲ ಏಜೆಂಟರು ಬಡವರ ಮನೆಯ ಚಿನ್ನ ಅಡವಿಡಿಸಿ ಇದೇ ದಾರಿಗೆ ಹಚ್ಚುವುದು ಅಜ್ಞಾನದಿಂದಲ್ಲ, ಲಾಭಕ್ಕಾಗಿ.

ಭಾರತದ 1983ರ ವಲಸೆ ಕಾಯ್ದೆಯ ಪ್ರಕಾರ, ಸಾಮಾನ್ಯವಾಗಿ ಹತ್ತನೇ ತರಗತಿ ಪಾಸಾಗದವರಿಗೆ ಸಿಗುವ ‘ಇಸಿಆರ್’ ನಮೂದಿನ ಪಾಸ್‌ಪೋರ್ಟ್ ಹೊಂದಿರುವವರು ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ವಲಸೆ ಅನುಮತಿ, ಅಂದರೆ ಕೆಲಸದ ಒಪ್ಪಂದ ಪರಿಶೀಲಿಸಿ ಸರ್ಕಾರ ಕೊಡುವ ಒಪ್ಪಿಗೆ, ಪಡೆಯಬೇಕು. ಇದನ್ನು ಕಿರಿಕಿರಿ ಎಂದು ತಪ್ಪಿಸಿಕೊಂಡವನು ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನೂ ತಪ್ಪಿಸಿಕೊಳ್ಳುತ್ತಾನೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿನ ಈ ವಿಮೆ ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ಕೊಡುತ್ತದೆ. ಹತ್ತನೇ ತರಗತಿ ಪಾಸಾದವರಿಗೆ ಈ ಅನುಮತಿ ಬೇಕಿಲ್ಲ ಎಂಬುದು ಸೌಲಭ್ಯದಂತೆ ಕಂಡರೂ, ಅವರ ಒಪ್ಪಂದವನ್ನು ಯಾರೂ ಪರಿಶೀಲಿಸಿರುವುದಿಲ್ಲ ಎಂಬುದು ಅದರ ಇನ್ನೊಂದು ಮಗ್ಗುಲು; ಆದ್ದರಿಂದ ಅವರು ಇನ್ನಷ್ಟು ಎಚ್ಚರ ವಹಿಸಬೇಕು.

ಏಜೆಂಟನಿಗೆ ಪರವಾನಗಿ ಇದೆಯೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಸಂಖ್ಯೆ ಇದ್ದರೆ ಸಾಲದು, ಅದು ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಬೇಕು. ಅದೂ ಸಾಲದು, ಏಕೆಂದರೆ ಮುಂಬೈಯ ಯಾವುದೋ ಸಂಸ್ಥೆಯ ಸಂಖ್ಯೆ ತೋರಿಸಿ ಊರಿನ ‘ಸಬ್ ಏಜೆಂಟ್’ ಹಣ ವಸೂಲಿ ಮಾಡುವುದುಂಟು. ಪರವಾನಗಿ ಪಡೆದವರೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಹಣವನ್ನು ಪರವಾನಗಿದಾರನ ಬ್ಯಾಂಕ್ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು. ರಸೀದಿ ಕೊಡಲು ಹಿಂಜರಿಯುವವನ ಜೊತೆ ವ್ಯವಹಾರ ಅಲ್ಲಿಗೇ ನಿಲ್ಲಬೇಕು.

ವಿದೇಶದಲ್ಲಿ ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೂ, 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನಂತೆ ಅದು ಭಾರತ ಸರ್ಕಾರದ ಸ್ವತ್ತು, ಮಾಲೀಕನದಲ್ಲ. ಹಾಗೆಂದು ದೂರು ದಾಖಲಿಸದೆ ಕೆಲಸದ ಸ್ಥಳ ಬಿಟ್ಟು ಓಡಬಾರದು. ಸೌದಿಯಲ್ಲಿ ಮಾಲೀಕ ‘ಹುರೂಬ್’, ಅಂದರೆ ಕಾರ್ಮಿಕ ಪರಾರಿಯಾಗಿದ್ದಾನೆ ಎಂಬ ವರದಿ, ಹಾಕಿದರೆ ಸಂಬಳ ಬಾಕಿಯಿರುವವನೇ ಆರೋಪಿಯಾಗುತ್ತಾನೆ. ಅಲ್ಲಿ ಬಾಕಿ ಸಂಬಳದ ದಾವೆಗೆ ಕೆಲಸ ಮುಗಿದ 12 ತಿಂಗಳೊಳಗಿನ ಗಡುವೂ ಇದೆ. ರಾಯಭಾರ ಕಚೇರಿಗೆ ಹೋದರೆ ಪೊಲೀಸರಿಗೆ ಒಪ್ಪಿಸುತ್ತಾರೆ ಎಂಬ ಭಯ ಆಧಾರವಿಲ್ಲದ್ದು. ವಿದೇಶಾಂಗ ಸಚಿವಾಲಯದ ‘ಮದದ್’ ದೂರು ಜಾಲತಾಣದಲ್ಲಿ ಮನೆಯವರೇ ದೂರು ನೋಂದಾಯಿಸಬಹುದು, 1800 11 3090 ಶುಲ್ಕರಹಿತ ಸಹಾಯವಾಣಿ. ಪಾಸ್‌ಪೋರ್ಟ್ ಇಲ್ಲದವರಿಗೆ ರಾಯಭಾರ ಕಚೇರಿ ಊರಿಗೆ ಮರಳಲು ‘ಔಟ್‌ಪಾಸ್’ ಕೊಡುತ್ತದೆ; ಕೈಯಲ್ಲಿ ಕಾಸಿಲ್ಲದವರ ಟಿಕೆಟ್, ವಸತಿ, ಕಾನೂನು ನೆರವು, ಮೃತದೇಹ ಸಾಗಣೆಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಆದರೆ ಕೇಳದವರ ಮನೆ ಬಾಗಿಲಿಗೆ ಅದು ಬರುವುದಿಲ್ಲ, ಲಿಖಿತ ಅರ್ಜಿ ಕೊಡಬೇಕು.

ವಂಚಿಸಿದ ಏಜೆಂಟನ ವಿರುದ್ಧ ದೂರು ಕೊಡಲು ಹೋದವರನ್ನು ಊರಿನ ಠಾಣೆಯಲ್ಲಿ “ಇದು ವಿದೇಶದ ವಿಷಯ, ದೆಹಲಿಯ ಅನುಮತಿ ಬೇಕು” ಎಂದು ಸಾಗಹಾಕುವುದು ಹಳೆಯ ಚಾಳಿ, ಅದು ಕಾನೂನಲ್ಲ. ವಲಸೆ ಕಾಯ್ದೆಯ 26ನೇ ಕಲಮಿನಂತೆ ಆ ಕಾಯ್ದೆಯಡಿಯ ಅಪರಾಧಗಳಲ್ಲಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು. ಮೊಕದ್ದಮೆಗೆ ಕೇಂದ್ರದ ಪೂರ್ವಾನುಮತಿ ಬೇಕೆನ್ನುವ 27ನೇ ಕಲಮೇ, ವಂಚಿತ ವ್ಯಕ್ತಿ ಅಥವಾ ಆತನ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ದೂರು ಕೊಟ್ಟಾಗ ಅದು ಬೇಡವೆಂದೂ ಹೇಳುತ್ತದೆ. ಈ ಕಾಯ್ದೆಯ ದಂಡದ ಮಿತಿ ಇಂದಿಗೂ 2,000 ರೂಪಾಯಿಯಷ್ಟೇ ಆಗಿರುವುದು ನಾಚಿಕೆಗೇಡು; ಆದ್ದರಿಂದ ದೂರಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿರುವ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನ ವಂಚನೆಯನ್ನೂ ಸೇರಿಸಬೇಕು. ಏಜೆಂಟನ ವಾಟ್ಸಾಪ್ ಸಂದೇಶ, ಧ್ವನಿ ತುಣುಕುಗಳನ್ನು ಅಳಿಸಬಾರದು, ಅವು ಇರುವ ಮೊಬೈಲನ್ನು ಮಾರಬಾರದು. ಠಾಣೆಯವರು ದೂರು ಪಡೆಯದಿದ್ದರೆ ಅದನ್ನೇ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ, ಅಂಚೆ ರಸೀದಿಯನ್ನು ಜೋಪಾನವಾಗಿಡಬೇಕು. ಅಲ್ಲಿಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವ ಅರ್ಜಿಯ ಜೊತೆ ಆ ರಸೀದಿಯನ್ನು ಲಗತ್ತಿಸಬೇಕಾಗುತ್ತದೆ.