ಶರಣೆ ಸಂಕವ್ವೆ ಮತ್ತು ವೇಶ್ಯಾವೃತ್ತಿಯ ಕಾನೂನು

ಹನ್ನೆರಡನೆಯ ಶತಮಾನದ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆಯ ಹೆಸರು ಓದುವವರನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. 'ನಿರ್ಲಜ್ಜೇಶ್ವರ' ಎಂಬ ಅಂಕಿತದಲ್ಲಿ ಆಕೆಯ ವಚನವೊಂದು ಮಾತ್ರ ನಮಗೆ ದೊರೆತಿದೆ. ಆಕೆಯ ಹೆಸರೇ ಒಂದು ಪಾಠವಾಗಿದೆ. ಲೋಕವಿತ್ತ 'ಸೂಳೆ' ಎಂಬ ಮಾತನ್ನು ಶರಣಪರಂಪರೆಯು ಮರೆಮಾಚಲಿಲ್ಲ. ಅದರ ಮಗ್ಗುಲಲ್ಲಿಯೇ ತಾಯಿಯೆಂಬ ಅರ್ಥದ 'ಅವ್ವೆ'ಯನ್ನು ಉಳಿಸಿ, ಆಕೆಯ ನುಡಿಯನ್ನು ಉಳಿದೆಲ್ಲ ಶರಣರ ನುಡಿಗಳೊಡನೆ ಕಾಪಾಡಿತು.

ಆ ವಚನದ ಅರ್ಥವನ್ನು ವಿಚಾರಿಸೋಣ. ಒತ್ತೆಯೆಂದರೆ ವೇಶ್ಯೆಗೆ ಮುಂಗಡವಾಗಿ ಸಲ್ಲುವ ಹಣ. ಒಬ್ಬನ ಒತ್ತೆಯನ್ನು ಹಿಡಿದವಳು ಮತ್ತೊಬ್ಬನದನ್ನು ಹಿಡಿಯಲಾಗದೆಂಬ ವೃತ್ತಿಯ ಕಟ್ಟಳೆಯನ್ನೇ ಸಂಕವ್ವೆ ಏಕದೇವನಿಷ್ಠೆಗೆ ದೃಷ್ಟಾಂತವಾಗಿ ಬಳಸುತ್ತಾಳೆ. ಕಟ್ಟಳೆಯನ್ನು ಮೀರಿದವಳಿಗೆ ಕಾದಿರುವ ಘೋರ ಶಿಕ್ಷೆಗಳನ್ನೂ ಹೇಳುತ್ತಾಳೆ. ಭಕ್ತಿಯ ಅರ್ಥವು ಇಲ್ಲಿ ಪ್ರಧಾನವೆಂಬುದು ನಿಜ. ಆದರೆ ದೃಷ್ಟಾಂತವೂ ಗಮನಾರ್ಹವಾಗಿದೆ. ಅಲ್ಲಿ ಹೇಳಿರುವ ಶಿಕ್ಷೆಯೆಲ್ಲ ಹೆಣ್ಣಿನ ಮೈಮೇಲೆಯೇ ಬೀಳುತ್ತದೆ. ಒತ್ತೆಯನ್ನು ಕೊಟ್ಟ ಗಂಡಿಗೆ ಏನಾಯಿತೆಂಬ ಮಾತೇ ಅಲ್ಲಿಲ್ಲ.

ಇಂದು ವೇಶ್ಯಾವೃತ್ತಿಯ ಕಾನೂನನ್ನು ಕುರಿತು ಜಗತ್ತಿನಲ್ಲಿ ನಡೆದಿರುವ ಚರ್ಚೆಗೆ ಈ ದೃಷ್ಟಾಂತವು ಒರೆಗಲ್ಲಾಗಬಲ್ಲದು. ಈ ಚರ್ಚೆಯಲ್ಲಿ ಮುಖ್ಯವಾದ ಮಾರ್ಗಗಳು ಮೂರು. ವೃತ್ತಿಯನ್ನಾಗಲಿ ಅದರ ವ್ಯಾಪಾರವನ್ನಾಗಲಿ ದಂಡಿಸುವುದು ಒಂದು. ಸ್ವೀಡನ್ ದೇಶವು 1999ರಲ್ಲಿ ಮಾರುವವಳನ್ನು ಬಿಟ್ಟು ಕೊಳ್ಳುವವನನ್ನು ಮಾತ್ರ ಅಪರಾಧಿಯೆಂದಿತು. ಪರವಾನಗಿಯನ್ನಿತ್ತು ಸರಕಾರದ ನಿಯಂತ್ರಣದಲ್ಲಿ ನಡೆಸುವುದು ಇನ್ನೊಂದು. ವಯಸ್ಕರು ಸ್ವೇಚ್ಛೆಯಿಂದ ಮಾಡುವುದನ್ನು ಅಪರಾಧಗಳ ಪಟ್ಟಿಯಿಂದಲೇ ತೆಗೆದುಹಾಕುವುದು ಮೂರನೆಯದು. ನ್ಯೂಜಿಲೆಂಡ್ 2003ರಲ್ಲಿ ಈ ದಾರಿಯನ್ನು ಹಿಡಿಯಿತು.

ನಿಯಂತ್ರಣವೆಂಬುದು ಭಾರತಕ್ಕೆ ಹೊಸದಲ್ಲ. ಬ್ರಿಟಿಷ್ ಸರಕಾರವು 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಮಾಡಿ, ವೇಶ್ಯೆಯರ ಹೆಸರನ್ನು ದಾಖಲಿಸಿ, ಅವರನ್ನು ಕಡ್ಡಾಯವಾಗಿ ವೈದ್ಯಪರೀಕ್ಷೆಗೆ ಗುರಿಪಡಿಸಿತು. ರೋಗವಿದ್ದವಳನ್ನು ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಅವಳ ಬಳಿಗೆ ಬಂದ ಗಂಡಸಿಗೆ ಆ ಕಾಯ್ದೆಯಲ್ಲಿ ಅಂತಹ ಪರೀಕ್ಷೆಯಿರಲಿಲ್ಲ. ಸಿಪಾಯಿಯ ಆರೋಗ್ಯವೇ ಅದರ ಗುರಿಯಾಗಿತ್ತು, ಹೆಣ್ಣಿನ ಕ್ಷೇಮವಲ್ಲ. 1888ರಲ್ಲಿ ಅದು ರದ್ದಾಯಿತು. ನಿಯಂತ್ರಣವೆಂದೊಡನೆ ರಕ್ಷಣೆಯೆಂದು ತಿಳಿಯುವವರು ಈ ಇತಿಹಾಸವನ್ನು ನೆನೆಯತಕ್ಕದ್ದು.

ಸ್ವತಂತ್ರ ಭಾರತದ ಸಂಸತ್ತು 1956ರಲ್ಲಿ ಮಾಡಿದ ಕಾಯ್ದೆಯು 1986ರ ತಿದ್ದುಪಡಿಯಿಂದ ಅನೈತಿಕ ವ್ಯವಹಾರ ತಡೆ ಕಾಯ್ದೆಯೆನಿಸಿತು. ಇದು ವೇಶ್ಯಾವೃತ್ತಿಯನ್ನೇ ಅಪರಾಧವೆನ್ನುವುದಿಲ್ಲ. ವೇಶ್ಯಾಗೃಹವನ್ನು ನಡೆಸುವುದು, ಹೆಣ್ಣನ್ನು ತಂದು ವೃತ್ತಿಗೆ ಹಚ್ಚುವುದು, ಅವಳ ಗಳಿಕೆಯಿಂದ ಬದುಕುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದು ಇವನ್ನು ದಂಡಿಸುತ್ತದೆ. ಕುಂಟಣಿ ಮತ್ತು ತಲೆಹಿಡುಕರಿಗೆ ದಂಡನೆಯಾಗಲೇಬೇಕು. ಆದರೆ ಗಳಿಕೆಯಿಂದ ಬದುಕುವವರೆಂಬ ಮಾತಿನೊಳಗೆ ಹದಿನೆಂಟು ದಾಟಿ ತಾಯಿಯ ಮನೆಯಲ್ಲಿಯೇ ಓದುತ್ತಿರುವ ಮಗನೂ ಸೇರಬಹುದು. ಮೇಲಾಗಿ, ಕರೆಯುವ ಅಪರಾಧಕ್ಕೆ ಹೆಂಗಸಿಗೆ ಮೊದಲ ಸಲವೇ 6 ತಿಂಗಳವರೆಗೆ ಸೆರೆವಾಸ. ಅದನ್ನೇ ಗಂಡಸು ಮಾಡಿದರೆ 7 ದಿನಗಳಿಂದ 3 ತಿಂಗಳವರೆಗೆ ಮಾತ್ರ. ಸಂಕವ್ವೆ ಕಂಡ ತಕ್ಕಡಿ ಇನ್ನೂ ಸಮವಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು, ಇದೂ ದುಡಿಮೆಯೇ ಆದುದರಿಂದ ಕಾಯಕವೆಂದು ಏಕೆ ಕರೆಯಬಾರದೆಂಬ ಪ್ರಶ್ನೆ ಬರುತ್ತದೆ. ಇದನ್ನು ಸಿಟ್ಟಿನಿಂದ ತಳ್ಳಿಹಾಕಲಾಗದು. ಮಕ್ಕಳ ಹೊಟ್ಟೆಗಾಗಿ ಈ ದಾರಿಯನ್ನು ಹಿಡಿದವಳ ಬೆವರು ಸುಳ್ಳಲ್ಲ. ಆದರೆ ಶರಣರು ಗಳಿಕೆಯೆಲ್ಲವನ್ನೂ ಕಾಯಕವೆನ್ನಲಿಲ್ಲ. ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರಲು ಹೇಳಿದಳೆಂಬ ಕಥೆ ಎಲ್ಲರಿಗೂ ತಿಳಿದಿದೆ. ಆಸೆಯಾಗಲಿ ಬಲವಂತವಾಗಲಿ ಬೆರೆತಲ್ಲಿ ಕಾಯಕದ ಶುದ್ಧಿ ಕೆಡುತ್ತದೆ. ಈ ವ್ಯಾಪಾರದಲ್ಲಿ ಆಸೆ ಬಹುಮಟ್ಟಿಗೆ ಕೊಳ್ಳುವವನದು ಮತ್ತು ನಡುವಿನವನದು, ಬಲವಂತವು ಬಡತನದ್ದು. ಆದುದರಿಂದ ವ್ಯಾಪಾರಕ್ಕೆ ಕಾಯಕವೆಂಬ ಹೆಸರು ಸಲ್ಲದು. ಹಾಗೆಂದು ಅದರ ದೋಷವೆಲ್ಲವನ್ನೂ ಅವಳೊಬ್ಬಳ ತಲೆಗೆ ಕಟ್ಟುವುದು ಇನ್ನೂ ಸಲ್ಲದು.

ಸ್ವೇಚ್ಛೆಯೆಂಬ ಮಾತನ್ನೂ ಎಚ್ಚರದಿಂದ ತೂಗಬೇಕು. ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ದೇವರ ಹೆಸರಿನಿಂದ ಮುತ್ತು ಕಟ್ಟಿಸಿಕೊಂಡ ಎಷ್ಟೋ ಹುಡುಗಿಯರು ಮುಂದೆ ಈ ವೃತ್ತಿಗೆ ನೂಕಲ್ಪಟ್ಟರು. ಅರಿವು ಬರುವ ಮೊದಲೇ ಬದುಕನ್ನು ಬೇರೆಯವರು ನಿರ್ಣಯಿಸಿದಲ್ಲಿ ಸ್ವೇಚ್ಛೆಯೆಲ್ಲಿಯದು? 1982ರ ದೇವದಾಸಿ ನಿಷೇಧ ಕಾಯ್ದೆ ಬಂದುದು ಇದನ್ನು ತಡೆಯುವುದಕ್ಕಾಗಿಯೇ. ಆದರೆ ಆಗಲೇ ನಡುವಯಸ್ಸಿಗೆ ಬಂದವಳಿಗೆ ನಿಷೇಧವೊಂದೇ ಅನ್ನವನ್ನು ಕೊಡಲಾರದು. ಭೂಮಿ, ಮನೆ, ಮಕ್ಕಳ ವಿದ್ಯೆ ಇವು ಜೊತೆಗೂಡದೆ ಬಿಡುಗಡೆಯೆಂಬುದು ಬರಿಯ ಮಾತು.

ಸರ್ವೋಚ್ಚ ನ್ಯಾಯಾಲಯವು 2022ರ ಮೇ 19ರಂದು ನೀಡಿದ ಆದೇಶವು ಈ ದಿಶೆಯಲ್ಲಿ ಮಹತ್ವದ್ದಾಗಿದೆ. ಸಂವಿಧಾನದ 21ನೆಯ ವಿಧಿಯ ಗೌರವದ ಬಾಳು ಇವರಿಗೂ ಸಲ್ಲುವುದೆಂದು ಅದು ಸಾರಿತು. ಪೊಲೀಸರು ಇವರೊಡನೆ ಘನತೆಯಿಂದ ನಡೆದುಕೊಳ್ಳಬೇಕೆಂದೂ, ಅತ್ಯಾಚಾರಕ್ಕೊಳಗಾದವಳಿಗೆ ಇತರ ಸಂತ್ರಸ್ತೆಯರಂತೆಯೇ ವೈದ್ಯಕೀಯ ನೆರವು ದೊರೆಯಬೇಕೆಂದೂ, ರಕ್ಷಣಾಗೃಹಗಳಲ್ಲಿ ಮನಸ್ಸಿಗೆ ವಿರುದ್ಧವಾಗಿ ಇರಿಸಲ್ಪಟ್ಟ ವಯಸ್ಕ ಸ್ತ್ರೀಯರ ಬಿಡುಗಡೆಯನ್ನು ಪರಿಶೀಲಿಸಬೇಕೆಂದೂ ವಿಧಿಸಿತು.

ವಚನಧರ್ಮದ ದೃಷ್ಟಿಯಿಂದ ನೋಡಿದರೆ ಮೊದಲು ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಹೆಣ್ಣಿನ ಮೇಲಿನ ದಂಡವನ್ನು ತೆಗೆಯಬೇಕು. ಅವಳನ್ನು ಮಾರುವವನ ಮೇಲಿನ ದಂಡವನ್ನು ಬಿಗಿಗೊಳಿಸಬೇಕು. ಹೊರಬರಬಯಸುವವಳಿಗೆ ಕಾಯಕದ ಬಾಗಿಲನ್ನು ತೆರೆದಿಡಬೇಕು. ಮೊದಲಿನೆರಡು ಸರಕಾರದ ಹೊಣೆ. ಮೂರನೆಯದು ಮಠಗಳದೂ ಭಕ್ತರದೂ ಆಗಿದೆ. ಅಂತಹ ತಾಯಿಯ ಮಗುವಿಗೆ ಪ್ರಸಾದನಿಲಯದ ಪಂಕ್ತಿಯಲ್ಲಿ ಎಡೆಯನ್ನಿಡುವಾಗ ತಂದೆಯ ಹೆಸರನ್ನು ಕೇಳದಿರುವುದು, ಅವಳು ಪೂಜೆಗೆ ಬಂದಾಗ ಪಕ್ಕದವರು ಸರಿದು ಕೂಡದಿರುವುದು, ಇಷ್ಟು ಸಣ್ಣ ಆಚರಣೆಯಿಂದಲೇ ಅದು ಆರಂಭವಾಗಬಲ್ಲದು. ಸೂಳೆಯೆಂದು ಲೋಕ ಕರೆದವಳನ್ನು ಶರಣರು ಅವ್ವೆಯೆಂದು ಉಳಿಸಿಕೊಂಡರು. ಅವರ ಹೆಸರನ್ನು ಹೇಳುವವರಿಂದ ಲೋಕವು ಅದಕ್ಕಿಂತ ಕಡಮೆಯನ್ನು ನಿರೀಕ್ಷಿಸಲಾಗದು.