ಜಾಬ್ ಕಾರ್ಡಿನಲ್ಲಿ ಬರೆಸಿ: ಹೊಸ ಕಾರಿನ ಇಂಜಿನ್ ಕೈಕೊಟ್ಟಾಗ ಗ್ರಾಹಕರಿಗಿರುವ ದಾರಿ

ಹೀಗೊಂದು ಸಂದರ್ಭ ಅಂದುಕೊಳ್ಳಿ. ಭದ್ರಾವತಿಯ ನ್ಯೂಟೌನಿನ ಒಂದು ಕುಟುಂಬ ಸಾಲ ಮಾಡಿ ಏಳು ಲಕ್ಷದ ಸಣ್ಣ ಕಾರು ಕೊಂಡಿದೆ. ಆರು ತಿಂಗಳೂ ತುಂಬಿಲ್ಲ. ಬಿ.ಎಚ್. ರಸ್ತೆಯಲ್ಲಿ ಮಾಚೇನಹಳ್ಳಿ ದಾಟುವಾಗ ಓಡುತ್ತಿದ್ದ ಹಾಗೇ ಇಂಜಿನ್ ಆಫ್ ಆಗುತ್ತದೆ. ಹಿಂದೆ ಲಾರಿ, ಪಕ್ಕದಲ್ಲಿ ಬಸ್ಸು. ಹೇಗೋ ಬದಿಗೆ ತಂದು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಮರುದಿನ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಒಯ್ದು ನಡೆದದ್ದನ್ನೆಲ್ಲ ಹೇಳುತ್ತಾರೆ. ಕೌಂಟರಿನಲ್ಲಿ ಕೂತವರು ಜಾಬ್ ಕಾರ್ಡಿನಲ್ಲಿ ಬರೆಯುವುದು ಎರಡೇ ಪದ: ‘ಜನರಲ್ ಚೆಕಪ್’. ಮಾಲೀಕರು ಓದದೆ ಸಹಿ ಹಾಕುತ್ತಾರೆ. ಸಂಜೆ ತೊಳೆದು ಒರೆಸಿದ ಕಾರು ಕೈಗೆ ಬರುತ್ತದೆ.

ಮತ್ತೆ ಮೂರು ಸಲ ಹೀಗೇ ಆದ ಮೇಲೆ ಬೇಸತ್ತು ವಕೀಲರ ಬಳಿ ಹೋಗುತ್ತಾರೆ. ವಕೀಲರು ಮೊದಲು ಕೇಳುವುದೇ ಜಾಬ್ ಕಾರ್ಡು. ನಾಲ್ಕರಲ್ಲೂ ‘ಜನರಲ್ ಚೆಕಪ್’ ಎಂದೇ ಇದ್ದರೆ, ದಾಖಲೆಯ ಮಟ್ಟಿಗೆ ಆ ಇಂಜಿನ್ ಒಂದು ಸಲವೂ ನಿಂತಿಲ್ಲ.

ಕಾರಿನ ದೋಷದ ಪ್ರಕರಣಗಳು ಬಲಹೀನವಾಗುವುದು ಹೆಚ್ಚಾಗಿ ಇಲ್ಲೇ. ಕಾನೂನು ಗ್ರಾಹಕರ ಪರವಾಗಿದೆ, ಶುಲ್ಕವೂ ತೀರಾ ಕಡಿಮೆ. ಆದರೆ ಬಾಯಲ್ಲಿ ಹೇಳಿದ್ದನ್ನು ಗ್ರಾಹಕ ಆಯೋಗ ಕೇಳಿಸಿಕೊಳ್ಳಲಾರದು. ಗಾಡಿಗೆ ಆದದ್ದು ಕಾಗದದ ಮೇಲೆ ಬರಬೇಕು.

ಹೊಸ ಇಂಜಿನಿಗೂ ದೋಷ ಬರುತ್ತದೆ

‘ನೀವು ಓಡಿಸುವ ರೀತಿಯೇ ಸರಿಯಿಲ್ಲ’ ಎಂಬ ಮಾತಿಗೆ ಕುಗ್ಗಬೇಡಿ. ದೊಡ್ಡ ಕಂಪನಿಗಳೇ ತಮ್ಮ ಕಾರುಗಳಲ್ಲಿ ದೋಷವಿರಬಹುದೆಂದು ಒಪ್ಪಿ ಹಿಂದಕ್ಕೆ ಕರೆದಿವೆ. 2020ರ ಜುಲೈಯಲ್ಲಿ ಮಾರುತಿ ಸುಜುಕಿ ಕಂಪನಿ ಫ್ಯುಯೆಲ್ ಪಂಪಿನ ದೋಷದ ಶಂಕೆಯಿಂದ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ತಾನಾಗಿಯೇ ತಪಾಸಣೆಗೆ ಕರೆಯಿತು. 2024ರ ಮಾರ್ಚಿನಲ್ಲಿ ಅದೇ ಕಂಪನಿ 11,851 ಬಲೆನೊ ಮತ್ತು 4,190 ವ್ಯಾಗನ್‌ಆರ್ ಕಾರುಗಳನ್ನು ಕರೆಯಿತು. ಅವು 2019ರ ಜುಲೈ 30ರಿಂದ ನವೆಂಬರ್ 1ರ ನಡುವೆ ತಯಾರಾದವು. ಪಂಪಿನ ಮೋಟಾರಿನ ಒಂದು ಬಿಡಿಭಾಗದಿಂದಾಗಿ ಅಪರೂಪಕ್ಕೆ ಇಂಜಿನ್ ನಿಂತುಹೋಗಬಹುದು, ಸ್ಟಾರ್ಟ್ ಆಗದಿರಬಹುದು ಎಂಬುದು ಕಂಪನಿಯೇ ಕೊಟ್ಟ ಕಾರಣ. ಭಾಗವನ್ನು ಉಚಿತವಾಗಿ ಬದಲಿಸಿಕೊಡುವುದಾಗಿಯೂ ಹೇಳಿತು.

ಹಾಗಾಗಿ ತೊಂದರೆ ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನಿಮ್ಮ ಕಾರಿಗೆ ಇಂಥ ಕರೆ ಇದೆಯೇ ಎಂದು ನೋಡುವುದು.

ಜಾಬ್ ಕಾರ್ಡಿನಲ್ಲಿ ಏನಿರಬೇಕು

ತೊಂದರೆಯನ್ನು ನೀವು ಕಂಡ ಹಾಗೇ ಬರೆಸಿ. ‘ಇಂಜಿನ್ ಪ್ರಾಬ್ಲಂ’ ಎಂದರೆ ಸಾಲದು. ‘ಮೂರನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿದ್ದಾಗ ಇಂಜಿನ್ ನಿಂತಿತು’, ‘ಆಗುಂಬೆ ಘಾಟಿ ಹತ್ತುವಾಗ ಟೆಂಪರೇಚರ್ ದೀಪ ಹೊತ್ತಿತು’, ‘ಸರ್ವಿಸ್ ಆದ 2,000 ಕಿ.ಮೀ. ಒಳಗೆ ಇಂಜಿನ್ ಆಯಿಲ್ ಕಡಿಮೆಯಾಗಿದೆ, ಹೊಗೆ ನೀಲಿ ಬರುತ್ತಿದೆ’ ಎಂಬಷ್ಟು ವಿವರ ಬೇಕು. ದಿನಾಂಕ, ಓಡಿದ ಕಿಲೋಮೀಟರ್, ಕಾರು ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ ಇರಲಿ. ಬರೆಯಲು ಒಪ್ಪದಿದ್ದರೆ ಅಲ್ಲೇ ನಿಂತು ಅವರ ಅಧಿಕೃತ ಇಮೇಲಿಗೆ ನಾಲ್ಕು ಸಾಲು ಕಳಿಸಿ. ಸಹಿ ಮಾಡುವಾಗ ‘ನಾನು ಹೇಳಿದ ತೊಂದರೆ ಇಲ್ಲಿ ಬರೆದಿಲ್ಲ’ ಎಂದು ಕೈಬರಹದಲ್ಲಿ ಸೇರಿಸಲೂಬಹುದು.

ಇಂದಿನ ಕಾರುಗಳು ತಮ್ಮ ಕಾಯಿಲೆಯನ್ನು ಕಂಪ್ಯೂಟರಿನಲ್ಲಿ ಸಂಕೇತವಾಗಿ ದಾಖಲಿಸಿಕೊಳ್ಳುತ್ತವೆ. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಾಕಿದಾಗ ಆ ವರದಿಯ ಪ್ರತಿ ಕೇಳಿ. ಅದನ್ನು ಅಳಿಸಿಬಿಟ್ಟ ಮೇಲೆ ಕೇಳಿ ಉಪಯೋಗವಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿದ್ದು, ಬಾನೆಟ್ಟಿನೊಳಗಿನ ಸದ್ದು, ಹೊಗೆ, ಇವುಗಳ ವಿಡಿಯೊ ಪಕ್ಕದಲ್ಲಿ ಕೂತವರು ಮಾಡಿಟ್ಟುಕೊಳ್ಳಲಿ. ಬದಲಿಸಿದ ಭಾಗಗಳ ಹೆಸರು ಬಿಲ್ಲಿನಲ್ಲಿರಲಿ, ವಾರಂಟಿಯಲ್ಲಿ ಹಣ ಪಡೆಯದೆ ಮಾಡಿದ್ದರೂ ಬಿಲ್ ಕೇಳಿ ಪಡೆಯಿರಿ.

ಒಂದು ಎಚ್ಚರ: ವಾರಂಟಿ ಇರುವಾಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಪರಿಚಯದ ಮೇಸ್ತ್ರಿಯ ಕೈಯಲ್ಲಿ ಇಂಜಿನ್ ಬಿಚ್ಚಿಸಬೇಡಿ. ಅವರ ಕೈಗುಣ ಎಷ್ಟೇ ಒಳ್ಳೆಯದಿರಲಿ, ‘ಹೊರಗಿನವರು ಬಿಚ್ಚಿದ್ದರಿಂದಲೇ ಹಾಳಾಯಿತು’ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಹೇಳಿದ ಅವಧಿಗೆ ಸರ್ವಿಸ್ ಮಾಡಿಸಿದ ದಾಖಲೆಯೂ ಇದೇ ಕಾರಣಕ್ಕೆ ಮುಖ್ಯ.

ಲಿಖಿತ ದೂರು

ಒಂದೇ ತೊಂದರೆ ಎರಡು ಮೂರು ಸಲ ಮರುಕಳಿಸಿದರೆ ಡೀಲರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಪತ್ರ ಬರೆಯಿರಿ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನವಾಗಿಡಿ. ಮಾದರಿ ಹೀಗಿರಬಹುದು:

‘ನಿಮ್ಮಲ್ಲಿ ಖರೀದಿಸಿದ ನನ್ನ ಕಾರು (ನೋಂದಣಿ ಸಂಖ್ಯೆ ಕೆಎ-14 …, ಚಾಸಿಸ್ ಸಂಖ್ಯೆ …) ದಿನಾಂಕ … ರಂದು, … ಕಿ.ಮೀ. ಓಡಿದ್ದಾಗ, … ಎಂಬಲ್ಲಿ ಚಾಲನೆಯಲ್ಲಿರುವಾಗಲೇ ನಿಂತಿತು. ಇದೇ ತೊಂದರೆಗೆ ದಿನಾಂಕ …, …, … ರಂದು ನಿಮ್ಮಲ್ಲಿ ಬಿಟ್ಟಿದ್ದೇನೆ. ಜಾಬ್ ಕಾರ್ಡ್ ಪ್ರತಿಗಳನ್ನು ಲಗತ್ತಿಸಿದೆ. ತೊಂದರೆ ಇನ್ನೂ ಹೋಗಿಲ್ಲ. ಈ ಪತ್ರ ತಲುಪಿದ 15 ದಿನದೊಳಗೆ ದೋಷದ ಮೂಲವನ್ನು ಲಿಖಿತವಾಗಿ ತಿಳಿಸಿ, ಉಚಿತವಾಗಿ ಸರಿಪಡಿಸಿಕೊಡಬೇಕು. ಇಲ್ಲದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಸಲ್ಲಿಸುತ್ತೇನೆ.’

ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅವರು ಕಂಪನಿಯ ಜೊತೆ ಮಾತಾಡಿ ರಾಜಿ ಮಾಡಿಸಲು ನೋಡುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆದರೆ ಎಷ್ಟೋ ತೊಂದರೆ ಈ ಹಂತದಲ್ಲೇ ಮುಗಿಯಬಲ್ಲದು, ದೂರಿನ ಸಂಖ್ಯೆಯೂ ಮುಂದೆ ಒಂದು ದಾಖಲೆಯಾಗುತ್ತದೆ.

ಶಿವಮೊಗ್ಗದಲ್ಲೇ ದೂರು ಕೊಡಬಹುದು

ಇಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಹಳೆಯ 1986ರ ಕಾಯ್ದೆಗಿಂತ ಒಂದು ದೊಡ್ಡ ಅನುಕೂಲ ಕೊಟ್ಟಿದೆ. ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು (ಕಲಂ 34). ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ, ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ಭದ್ರಾವತಿಯವರು ಶಿವಮೊಗ್ಗದ ಆಯೋಗಕ್ಕೆ ಬಂದರೆ ಸಾಕು. ಖರೀದಿ ಒಪ್ಪಂದದಲ್ಲಿ ‘ವ್ಯಾಜ್ಯ ಮಧ್ಯಸ್ಥಿಕೆಗೆ ಮಾತ್ರ’ ಎಂದು ಅಚ್ಚಾಗಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಸುಪ್ರೀಂ ಕೋರ್ಟು 2018ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

2021ರ ಡಿಸೆಂಬರಿನ ನಿಯಮಗಳ ಪ್ರಕಾರ, ಖರೀದಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಸಣ್ಣ ಕಾರುಗಳೆಲ್ಲ ಇದರೊಳಗೇ ಬರುತ್ತವೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400 ರೂಪಾಯಿ. ವಕೀಲರನ್ನು ಇಡಲೇಬೇಕೆಂಬ ನಿಯಮವಿಲ್ಲ, ನೀವೇ ನಿಂತು ವಾದಿಸಬಹುದು. ಮನೆಯಲ್ಲಿ ಕೂತು ‘ಇ-ಜಾಗೃತಿ’ ಜಾಲತಾಣದಲ್ಲೂ ದೂರು ಸಲ್ಲಿಸಬಹುದು.

ಗಡುವನ್ನು ಮಾತ್ರ ಮರೆಯಬೇಡಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು (ಕಲಂ 69). ‘ಮುಂದಿನ ಸರ್ವಿಸಿನಲ್ಲಿ ನೋಡೋಣ ಸಾರ್’ ಎಂಬ ಮಾತನ್ನು ನಂಬಿ ಕಾಯುತ್ತ ಕೂತರೆ ಆ ಎರಡು ವರ್ಷ ತಿಳಿಯದ ಹಾಗೆ ಕಳೆದುಹೋಗುತ್ತದೆ. ಪತ್ರ ಬರೆಯುತ್ತಲೇ ಇದ್ದ ಮಾತ್ರಕ್ಕೆ ಗಡುವು ಮುಂದೆ ಹೋಗುವುದಿಲ್ಲ. ತಡಕ್ಕೆ ತಕ್ಕ ಕಾರಣವಿದ್ದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ.

ದೂರು ಅಂಗೀಕಾರವಾಗಿ ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದರಾಚೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ಖಚಿತಪಡಿಸಿದೆ. ಪರೀಕ್ಷೆ ಬೇಕಾದ ಪ್ರಕರಣಗಳನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ನಡೆಯುವಾಗ ಇದಕ್ಕಿಂತ ಹೆಚ್ಚು ಸಮಯ ಹಿಡಿದರೂ ಧೈರ್ಯಗೆಡಬೇಡಿ.

ಪ್ರಕರಣದ ಜೀವ ಇರುವುದು ತಜ್ಞರ ವರದಿಯಲ್ಲಿ

ಇಂಜಿನ್ ಕೆಟ್ಟಿದೆ ಎನ್ನುವುದು ಬೇರೆ, ಕಾರು ತಯಾರಾಗುವಾಗಲೇ ಆ ದೋಷ ಅದರಲ್ಲಿತ್ತು ಎನ್ನುವುದು ಬೇರೆ. ಎರಡನೆಯದನ್ನು ಸಾಬೀತು ಮಾಡುವ ಹೊಣೆ ದೂರುದಾರರದು. ಇದನ್ನು ಅರ್ಥ ಮಾಡಿಕೊಳ್ಳಲು ಸುಪ್ರೀಂ ಕೋರ್ಟಿನ ಎರಡು ತೀರ್ಪು ನೋಡಿ.

2006ರ ಮಾರುತಿ ಉದ್ಯೋಗ್ ಪ್ರಕರಣದಲ್ಲಿ, ಪೂರ್ತಿ ಕಾರನ್ನೇ ಬದಲಿಸಿಕೊಡಿ ಎಂದಿದ್ದ ಆದೇಶವನ್ನು ಕೋರ್ಟು ಒಪ್ಪಲಿಲ್ಲ. ವಾರಂಟಿಯ ಷರತ್ತಿನಲ್ಲಿ ದೋಷದ ಭಾಗವನ್ನು ರಿಪೇರಿ ಮಾಡುವ ಅಥವಾ ಬದಲಿಸುವ ಮಾತಿದ್ದರೆ ಕಂಪನಿಯ ಹೊಣೆಯೂ ಅಷ್ಟಕ್ಕೇ ಎಂದಿತು. 2010ರ ಫಿಯಟ್ ಇಂಡಿಯಾ ಪ್ರಕರಣದಲ್ಲಿ ಇಂಜಿನ್ ಸದ್ದು ಮಾಡುತ್ತದೆ ಎಂಬ ದೂರಿಗೆ ಹೊಸ ಇಂಜಿನನ್ನೇ ಹಾಕಿಕೊಡಲಾಗಿತ್ತು. ಆದರೂ ಗ್ರಾಹಕರ ತಕರಾರು ನಿಂತಿರಲಿಲ್ಲ. ಸ್ವತಂತ್ರ ತಜ್ಞರೊಬ್ಬರು ಕಾರನ್ನು ಪರೀಕ್ಷಿಸಲಿ, ತಯಾರಿಕೆಯಲ್ಲೇ ದೋಷವಿದೆ ಎಂದು ಅವರು ಕಂಡರೆ ಕಾರಿನ ಬೆಲೆ, ಆಜೀವ ತೆರಿಗೆ ಮತ್ತು ಕಂತಿನ ಹಣವನ್ನು ಶೇ. 12 ಬಡ್ಡಿಯೊಡನೆ ಹಿಂತಿರುಗಿಸಬೇಕು ಎಂದು ಕೋರ್ಟು ಹೇಳಿತು. ಹಣ ಬರುತ್ತದೋ ಇಲ್ಲವೋ ಎಂಬುದು ತಜ್ಞರ ವರದಿಯ ಮೇಲೆ ನಿಂತಿತು.

ಹಾಗಾಗಿ ದೂರಿನ ಜೊತೆಯಲ್ಲೇ, ಕಲಂ 38ರಡಿ ಕಾರನ್ನು ಪರೀಕ್ಷೆಗೆ ಒಳಪಡಿಸಿ ಎಂಬ ಅರ್ಜಿ ಹಾಕಿ. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರು ಕಟ್ಟಬೇಕಾಗುತ್ತದೆ. ಪರೀಕ್ಷಿಸಬಲ್ಲ ತಜ್ಞರ ವಿಷಯದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆ ಬಡವಲ್ಲ. ಭದ್ರಾವತಿ 1923ರಿಂದ ಕಬ್ಬಿಣ ಕರಗಿಸಿದ ಊರು. ಶಿವಮೊಗ್ಗದಲ್ಲಿ ಜೆಎನ್‌ಎನ್ ಇಂಜಿನಿಯರಿಂಗ್ ಕಾಲೇಜಿದೆ, ಭದ್ರಾವತಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಆರ್‌ಟಿಒ ಕಚೇರಿಯಲ್ಲಿ ಮೋಟಾರು ವಾಹನ ನಿರೀಕ್ಷಕರಿದ್ದಾರೆ. ಇಂಥ ಕಡೆಯ ಅರ್ಹ ತಜ್ಞರನ್ನು ನೇಮಿಸಿ ಎಂದು ಆಯೋಗವನ್ನು ಕೋರಬಹುದು. ಪರೀಕ್ಷೆ ಎರಡೂ ಕಡೆಯವರ ಎದುರಿನಲ್ಲೇ ನಡೆಯಲಿ ಎಂದು ಅರ್ಜಿಯಲ್ಲಿ ಸೇರಿಸಿ. ಆಗ ವರದಿಯನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಡೀಲರೇ, ಕಂಪನಿಯೇ?

ಇಬ್ಬರನ್ನೂ ಸೇರಿಸಿ. ಆದರೆ ಯಾರ ತಪ್ಪು ಏನು ಎಂದು ಬಿಡಿಬಿಡಿಯಾಗಿ ಬರೆಯಿರಿ. 2021ರ ಫೆಬ್ರವರಿಯಲ್ಲಿ ಗೋವಾದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂತು. 2009ರಲ್ಲಿ ತಯಾರಾದ ಕಾರನ್ನು ಡೀಲರ್ 2011ರಲ್ಲಿ ಹೊಸದೆಂದು ಮಾರಿದ್ದರು. ಡೀಲರ್ ಮತ್ತು ಟಾಟಾ ಮೋಟಾರ್ಸ್ ಸ್ವತಂತ್ರ ವ್ಯವಹಾರಸ್ಥರು, ಕಂಪನಿಯ ಕೈವಾಡ ತೋರಿಸದೆ ಡೀಲರ್ ಮಾಡಿದ ತಪ್ಪಿಗೆ ಅದನ್ನು ಹೊಣೆ ಮಾಡಲಾಗದು ಎಂದಿತು ಕೋರ್ಟು. ತಯಾರಿಕೆಯ ದೋಷಕ್ಕೆ ಕಂಪನಿ, ಸರಿಯಾಗಿ ರಿಪೇರಿ ಮಾಡದ ಸೇವಾ ನ್ಯೂನತೆಗೆ ಡೀಲರ್, ಹೀಗೆ ಬೇರ್ಪಡಿಸಿ ಹೇಳುವುದು ಕ್ಷೇಮ.

ಏನು ಕೇಳಬಹುದು? ದೋಷ ನಿವಾರಣೆ, ಕಾರಿನ ಬದಲಾವಣೆ, ಬಡ್ಡಿಸಮೇತ ಹಣ ವಾಪಸು, ನಷ್ಟ ಪರಿಹಾರ, ಖರ್ಚು, ಎಲ್ಲಕ್ಕೂ ಕಲಂ 39ರಲ್ಲಿ ಅವಕಾಶವಿದೆ. ಇಂಜಿನ್ ನಿಂತು ಅಪಘಾತವಾಗಿ ಯಾರಿಗಾದರೂ ಗಾಯವಾಗಿದ್ದರೆ, ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಡಿ (ಕಲಂ 82ರಿಂದ 87) ಬೇರೆಯೇ ಪರಿಹಾರ ಕೇಳಬಹುದು. ಆದೇಶದಿಂದ ಸಮಾಧಾನವಾಗದಿದ್ದರೆ 45 ದಿನದೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಗೆದ್ದ ಮೇಲೂ ಎದುರಿನವರು ಆದೇಶ ಪಾಲಿಸದಿದ್ದರೆ ಕಲಂ 72ರಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು.

ಒಂದೇ ದೋಷ ಹಲವು ಕಾರುಗಳಲ್ಲಿದ್ದರೆ

ನಿಮ್ಮ ಓಣಿಯ ಇನ್ನೊಬ್ಬರ ಅದೇ ಮಾದರಿಯ ಕಾರೂ ಹೀಗೇ ನಿಲ್ಲುತ್ತಿದೆಯೇ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಕಲಂ 110ಎ ಪ್ರಕಾರ, ಪ್ರಯಾಣಿಕರಿಗೋ ರಸ್ತೆಯಲ್ಲಿರುವವರಿಗೋ ಪರಿಸರಕ್ಕೋ ಅಪಾಯ ತರುವ ದೋಷವಿದ್ದು, ನಿಗದಿಯಾದ ಪ್ರಮಾಣದ ಮಾಲೀಕರು ದೂರು ಕೊಟ್ಟರೆ ಕೇಂದ್ರ ಸರ್ಕಾರ ಆ ವಾಹನಗಳನ್ನು ವಾಪಸು ಕರೆಯಲು ಕಂಪನಿಗೆ ಆದೇಶಿಸಬಹುದು. 2021ರ ಏಪ್ರಿಲ್ 1ರಿಂದ ಇದರ ನಿಯಮ ಜಾರಿಯಲ್ಲಿದೆ. ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತದೆ. ದೂರನ್ನು ಸಾರಿಗೆ ಇಲಾಖೆಯ ‘ವಾಹನ್’ ಜಾಲತಾಣದಲ್ಲಿ ದಾಖಲಿಸಬೇಕು. ಇಲ್ಲಿ ತಲೆ ಎಣಿಕೆಯೇ ಬಲ. ನಿಮ್ಮ ಒಂದು ದೂರು ಗುರುತಿಲ್ಲದ ಯಾರದೋ ಮಕ್ಕಳನ್ನು ಕಾಪಾಡಬಹುದು.

ಮರೆಯಬಾರದ ನಾಲ್ಕು ಮಾತು

- ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟ ಬ್ಯಾಂಕಿಗೂ ಇಂಜಿನಿನ ದೋಷಕ್ಕೂ ಸಂಬಂಧವಿಲ್ಲ. ಸುಸ್ತಿಯಾದರೆ ನಿಮ್ಮ ಹೆಸರೇ ಕೆಡುತ್ತದೆ.
- ಮಳೆಗಾಲದಲ್ಲಿ ನೀರಿನಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಸಿಲಿಂಡರಿಗೆ ಹೋಗಿ ಇಂಜಿನ್ ಒಡೆದರೆ ಅದು ತಯಾರಿಕೆಯ ದೋಷವಲ್ಲ, ಸಾಮಾನ್ಯ ವಿಮೆಯಲ್ಲೂ ಹಣ ಸಿಗುವುದು ಕಷ್ಟ.
- ಹೊಟ್ಟೆಪಾಡಿಗೆ ತಾನೇ ಟ್ಯಾಕ್ಸಿ ಓಡಿಸುವವರೂ ಕಾಯ್ದೆಯಡಿ ಗ್ರಾಹಕರೇ.
- ಹಳೆಯ ಕಾರನ್ನು ವ್ಯಾಪಾರಿಯಿಂದ ಕೊಂಡಿದ್ದರೆ ಆಯೋಗಕ್ಕೆ ಹೋಗಬಹುದು. ನೆರೆಮನೆಯವರಿಂದ ಕೊಂಡಿದ್ದರೆ ಸಿವಿಲ್ ಕೋರ್ಟೇ ಗತಿ.

ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ ಕಲಂ 12ರಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ವಕೀಲರನ್ನು ಪಡೆಯಬಹುದು. ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಭದ್ರಾವತಿಯ ಕಾರ್ಖಾನೆಗಳಲ್ಲಿ, ಮಾಚೇನಹಳ್ಳಿಯ ಎರಕದ ಘಟಕಗಳಲ್ಲಿ ಬೆವರು ಸುರಿಸುವವರು ಇದನ್ನು ನೆನಪಿಟ್ಟುಕೊಳ್ಳಲಿ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನಾಗಲಿ, ಭದ್ರಾವತಿಯ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನಾಗಲಿ ಕಾಣಿ. 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

ಸಣ್ಣ ಕಾರು ಕೊಳ್ಳುವವರ ಮನೆಯಲ್ಲಿ ಅದು ಎಷ್ಟೋ ವರ್ಷಗಳ ಉಳಿತಾಯ. ಅಮ್ಮನನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಗಾಡಿ. ಅದು ನಡುದಾರಿಯಲ್ಲಿ ನಿಂತರೆ ಕಾರಣ ಕೇಳುವುದು ನಿಮ್ಮ ಹಕ್ಕು. ಮುಂದಿನ ಸಲ ಸರ್ವಿಸಿಗೆ ಬಿಟ್ಟಾಗ, ಸಹಿ ಮಾಡುವ ಮೊದಲು ಆ ಜಾಬ್ ಕಾರ್ಡನ್ನು ಒಮ್ಮೆ ಪೂರ್ತಿ ಓದಿ. ನೀವು ಹೇಳಿದ ಮಾತು ಅಲ್ಲಿಲ್ಲದಿದ್ದರೆ, ಬರೆಸಿದ ಮೇಲೆಯೇ ಕೀಲಿ ಕೊಡಿ.